ಮೂವತ್ತೊಂದನೇ ಕೋಣೆಯ ಮೂರನೆಯವಳು

ನನ್ನ ಪ್ರಯೋಗಕ್ಕೆ ಒಂದೇ ನಿಯಮ: ಕೋಣೆಗೊಂದೇ ಜೀವಕೋಶ. ಎರಡು ಬೆರಳಗಲದ ಪಾರದರ್ಶಕ ರಬ್ಬರ್ ಬಿಲ್ಲೆ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಕಾಲುವೆಗಳ ಪಕ್ಕಕ್ಕೆ ನಲವತ್ತೆಂಟು ಕೋಣೆಗಳು. ಎಲೆಯಿಂದ ಬಿಡಿಸಿದ ಕೋಶಗಳು ಅಲ್ಲಿ ಕೂತು, ಹರಿದು ಬರುವ ಸಕ್ಕರೆ ನೀರು ಕುಡಿದು, ಒಂದು ಎರಡಾಗಬೇಕು. ಆರು ದಿನವಾದರೂ ಒಂದೂ ಮಿಸುಕಾಡಿರಲಿಲ್ಲ. ಮೂವತ್ತೊಂದನೇ ಕೋಣೆಗಂತೂ ಎರಡು ಒಟ್ಟಿಗೇ ನುಗ್ಗಿ ಕೂತಿದ್ದವು. ಅಶಿಸ್ತು! ಮೊದಲ ದಿನವೇ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಅದಕ್ಕೆ ಕಾಟು ಹಾಕಿದವಳು ಮತ್ತೆ ಅತ್ತ ತಿರುಗಿಯೂ ನೋಡಿರಲಿಲ್ಲ.

ಅಂದು ಹನ್ನೆರಡು ಗಂಟೆಯೊಳಗೆ ಒಂದಾದರೂ ಕೋಶ ಎರಡಾಗದಿದ್ದರೆ ಸೂಕ್ಷ್ಮದರ್ಶಕ ಪಕ್ಕದ ಮೇಜಿನಲ್ಲಿ ಯೀಸ್ಟ್ ಬೆಳೆಸುವವನಿಗೆ ಎಂದು ನಮ್ಮ ಲ್ಯಾಬಿನ ಮೇಡಂ ಹೇಳಿಬಿಟ್ಟಿದ್ದರು. ನನ್ನ ಎರಡು ವರ್ಷದ ಕೆಲಸ ಮಣ್ಣುಪಾಲು. ಅವನು ಹನ್ನೊಂದೂವರೆಗೇ ಬಂದು ಹಲ್ಲು ಗಿಂಜುತ್ತಾ ನಿಂತಿದ್ದ. ಯೀಸ್ಟ್ ಎಲ್ಲಿ ಬಿಟ್ಟರೂ ಬೆಳೆಯುತ್ತದೆ, ಅದರಲ್ಲಿ ಇವನದೇನು ಹೆಚ್ಚುಗಾರಿಕೆ? ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮನೆಯ ಕೀಲಿ ಕೇಳಿಕೊಂಡು ಅಮ್ಮ ಲ್ಯಾಬಿಗೇ ಬಂದಳು. ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಸಾಲಾಗಿ ಕೋಣೆಗಳು ಕಂಡರೆ ತಪಾಸಣೆ ಮಾಡದೆ ಬಿಡುವವಳಲ್ಲ. ಕನ್ನಡಕ ಏರಿಸಿ ಸೂಕ್ಷ್ಮದರ್ಶಕದ ಪರದೆಯ ಮುಂದೆ ಕೂತೇಬಿಟ್ಟಳು.

"ಎಲ್ಲಾ ಸಿಂಗಲ್ ರೂಮಾ?"

"ಹೂಂ."

"ಅದಕ್ಕೇ ಹೀಗೆ ಸೊರಗಿವೆ. ಒಂಟಿ ರೂಮಿನ ಹುಡುಗೀರು ಊಟಾನೇ ಬಿಡ್ತಿದ್ರು. ಜೊತೆಗೊಬ್ಬಳನ್ನ ಹಾಕಿದ್ರೆ ವಾರದಲ್ಲಿ ಮೈಕೈ ತುಂಬ್ಕೊಳ್ಳೋರು."

"ಅಮ್ಮಾ, ಇದು ವಿಜ್ಞಾನ. ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ?"

ಅಮ್ಮ ಬಾಯಿ ಮುಚ್ಚಿದಳು, ಬೆರಳು ನಿಲ್ಲಿಸಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಕೋಣೆ ಎಣಿಸುತ್ತಾ ಹೋದಳು. ಹನ್ನೆರಡಕ್ಕೆ ಐದು ನಿಮಿಷ. ಯೀಸ್ಟ್‌ನವನು ತನ್ನ ಗಾಜಿನ ತಟ್ಟೆಗಳನ್ನು ನನ್ನ ಮೇಜಿನ ಮೇಲೆ ಜೋಡಿಸತೊಡಗಿದ. ನನಗೆ ಅಳುವೇ ಬಂತು.

"ಮೂವತ್ತೊಂದರಲ್ಲಿ ಎಷ್ಟು ಜನ ಅಂತ ಬರೆದಿದೀಯ?" ಎಂದಳು ಅಮ್ಮ.

"ಎರಡು. ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ."

"ಎಲ್ಲಿ ಎರಡು? ಮೂರಿದಾರೆ! ನಿನ್ನ ಕಣ್ಣಿಗೆ ಮಣ್ಣೆರಚಿ ಯಾರನ್ನೋ ಒಳಗೆ ಸೇರಿಸ್ಕೊಂಡಿದಾರೆ. ಇಂಥವ್ರನ್ನ ಎಷ್ಟು ಜನಾನ ಹಿಡಿದಿಲ್ಲ ನಾನು!"

ಅವಳನ್ನು ಪಕ್ಕಕ್ಕೆ ತಳ್ಳಿ ನೋಡಿದೆ. ಒಂದು ಕೋಶದ ನಡುವೆ ತೆಳ್ಳನೆಯ ಗೋಡೆ ಎದ್ದು ಅದು ಎರಡಾಗಿತ್ತು. ಜೊತೆಗಾತಿ ಹಸಿರಾಗಿ, ಹಾಯಾಗಿ ಅದಕ್ಕೆ ಒರಗಿ ಕೂತಿತ್ತು. ನಾನು ಕುರ್ಚಿ ಉರುಳುವ ಹಾಗೆ ಕುಣಿದೆ. ಯೀಸ್ಟ್‌ನವನು ತಟ್ಟೆಗಳನ್ನು ವಾಪಸ್ ಎತ್ತಿಕೊಂಡ.

"ಯಾರೂ ನುಗ್ಗಿಲ್ಲಮ್ಮಾ! ಅದು ಒಳಗೇ ಹುಟ್ಟಿದ್ದು!"

ಅಮ್ಮನ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

"ಕೂಗ್ಬೇಡ್ವೇ," ಎಂದು ಪಿಸುಗುಟ್ಟಿದಳು. "ಹುಡುಗೀರ ಹಾಸ್ಟೆಲಲ್ಲಿ ಹೆರಿಗೆ! ಮೊದ್ಲು ಆ ರಿಜಿಸ್ಟರ್ ಬಚ್ಚಿಡು."