ಅಕ್ಕ ತುಂಬಿದ ಹತ್ತಿ

ಕಾಯಿಲೆಗೆ ಆಸ್ಪತ್ರೆ ಇದೆ. ಕಾಯಿಲೆ ವಾಸಿಯಾದ ಮೇಲೂ ಮನೆಯಲ್ಲಿ ಉಳಿದುಬಿಡುವ ಮುಚ್ಚುಮರೆಗೆ ಯಾವ ಆಸ್ಪತ್ರೆ ಇದೆ ಹೇಳಿ. ಇದು ಎಲ್ಲ ಬೀದಿಯಲ್ಲೂ ಇರುವ ತೊಂದರೆ. ಕತ್ತರಿ ಅಕ್ಕನ ಮನೆಯಲ್ಲೂ ಇತ್ತು.

ಕತ್ತರಿ ಅಕ್ಕನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಬಟ್ಟೆ ಕತ್ತರಿಸುವುದರಲ್ಲಿ ಕೈ ಎಷ್ಟು ಚುರುಕೋ, ಎದುರಿನವರ ಮಾತು ಕತ್ತರಿಸುವುದರಲ್ಲಿ ನಾಲಿಗೆಯೂ ಅಷ್ಟೇ ಚುರುಕು. ಅದಕ್ಕೇ ಆ ಹೆಸರು. ಭುಜ ಇಳಿದಿದ್ದರೆ ಒಳಗೊಂದು ಮೆತ್ತೆ, ಹೊಟ್ಟೆ ಮುಂದೆ ಬಂದಿದ್ದರೆ ನಾಲ್ಕು ನೆರಿಗೆ. ಎಂಥ ಮೈಯನ್ನಾದರೂ ಹೊಲಿಗೆಯಲ್ಲಿ ಸರಿ ಮಾಡಬಲ್ಲೆ ಎಂಬ ಜಂಬ ಅವಳಿಗೆ.

ಅವಳ ತಂಗಿಗೆ ಎದೆಯಲ್ಲಿ ಗಡ್ಡೆಯಾಗಿ, ಒಂದು ಸ್ತನ ತೆಗೆಯಬೇಕಾಯಿತು. ತಂಗಿ ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಅಕ್ಕ ಅವಳ ಅಂಗಿಗಳ ಹೊಲಿಗೆಯನ್ನೆಲ್ಲ ಬಿಚ್ಚಿ, ಒಂದು ಕಡೆ ಹತ್ತಿ ತುಂಬಿ ಹೊಲಿದಿಟ್ಟಿದ್ದಳು. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕೇಳುವುದೇನು ಎಂದುಕೊಂಡಳು. ಅಂದಿನಿಂದ ತಂಗಿ ಅಂಗಡಿಯ ಒಳಕೋಣೆಯಲ್ಲಿ, ಪರದೆಯ ಹಿಂದೆ ಕೂತು ಗುಂಡಿ ಹೊಲಿಯುತ್ತಿದ್ದಳು. ಹೊರಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸು ಸಮವಸ್ತ್ರದ ಅಳತೆ ಕೊಡಲು ಬಂದಳು. ಬೇರೆ ಗಿರಾಕಿ ಇಲ್ಲದ್ದು ನೋಡಿ ದನಿ ತಗ್ಗಿಸಿದಳು.

"ಅಕ್ಕಾ, ನಿಮ್ಮ ತಂಗಿ ತಪಾಸಣೆಗೆ ಬರ್ಲೇ ಇಲ್ವಲ್ಲ. ಡಾಕ್ಟ್ರು ಕೇಳ್ತಿದ್ರು."

"ಗಾಯ ಒಣಗಿದೆ ಸಿಸ್ಟರ್. ಯಾರಿಗೂ ಗೊತ್ತಾಗದ ಹಾಗೆ ನಾನು ಮಾಡಿಕೊಟ್ಟಿದ್ದೀನಿ. ಸುಮ್ನೆ ಯಾಕೆ ಕೆದಕೋದು? ಕೈ ಮೇಲೆತ್ತಿ."

"ಮೇಲೆ ಒಣಗಿದ್ರೆ ಸಾಲದು. ಒಳಗೆ ಮತ್ತೆ ಏನಾದ್ರೂ ಶುರುವಾಗಿದ್ಯಾ ಅಂತ ನೋಡ್ಬೇಕು. ಬೇಗ ಗೊತ್ತಾದ್ರೆ ಬೇಗ ಔಷಧಿ. ತಪ್ಪಿಸಿಕೊಂಡ್ರೆ ಜೀವಕ್ಕೇ ಕುತ್ತು."

ಅಕ್ಕ ಹಿಡಿದಿದ್ದ ಅಳತೆಯನ್ನೇ ಮತ್ತೊಮ್ಮೆ ಹಿಡಿದಳು. ಬಾಯಿ ಮಾತ್ರ ಸೋಲಲಿಲ್ಲ.

"ಸಂಸಾರ ಗುಟ್ಟು ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ?"

"ಪೂರ್ತಿ ಹೇಳಿ ಅಕ್ಕಾ. ಸಂಸಾರ ಗುಟ್ಟು, ವ್ಯಾಧಿ ರಟ್ಟು. ನಮ್ಮ ಜನ ಮೊದಲರ್ಧ ಮಾತ್ರ ಬಾಯಿಪಾಠ ಮಾಡಿದ್ದಾರೆ."

ನರ್ಸು ನಗುತ್ತಾ ಫೋನು ತೆಗೆದಳು. "ಈಗಿನ ಹೆಂಗಸರು ಉಳಿದರ್ಧ ಬರೀತಿದ್ದಾರೆ ನೋಡಿ. ಹೆರಿಗೆ ಆದ್ಮೇಲಿನ ಅಳು, ಉದುರಿದ ಕೂದಲು, ಮೈಮೇಲಿನ ಗಾಯ, ಎಲ್ಲಾ ನಾಲ್ಕು ಸಾಲಲ್ಲಿ. ನಮ್ಮ ವಾರ್ಡಿನ ಹೆಂಗಸರು ಒಂದು ಕವಿತೆಯನ್ನ ಒಬ್ಬರಿಂದ ಒಬ್ಬರಿಗೆ ಕಳಿಸಿ ಓದ್ತಿದ್ದಾರೆ."

"ಅದೆಂಥ ಕವಿತೆ. ಒಂದು ಮಾತನ್ನ ನಾಲ್ಕು ತುಂಡು ಮಾಡಿ ಒಂದರ ಕೆಳಗೊಂದು ಇಟ್ರೆ ಕವಿತೆನಾ? ಹಾಗಾದ್ರೆ ನಾನು ದಿನಾ ಕತ್ತರಿಸಿ ಬಿಸಾಕೋ ಚಿಂದಿಯೆಲ್ಲ ಕವಿತೆನೇ. ಓದಿದ್ರೆ ಗಡ್ಡೆ ಕರಗುತ್ತಾ?"

"ಕರಗಲ್ಲ ಅಕ್ಕಾ. ಗಡ್ಡೆ ಕರಗಿಸೋಕೆ ಡಾಕ್ಟ್ರೇ ಬೇಕು. ಆದ್ರೆ ಇದನ್ನ ಓದಿ, 'ನನಗೂ ಹೀಗೇ ಆಗಿದೆ, ತೋರಿಸ್ಕೋಬೇಕು' ಅಂತ ಬಂದೋರನ್ನ ನಾನೇ ನೋಡಿದ್ದೀನಿ. ಆಸ್ಪತ್ರೆ ಬಾಗಿಲ ತನಕ ಕೈ ಹಿಡಿದು ಕರ್ಕೊಂಡು ಬರುತ್ತಲ್ಲ, ಅದೇನು ಸಣ್ಣ ಕೆಲಸನಾ? ಕೇಳಿ."

ನರ್ಸು ಓದಿದಳು.

ಅಳತೆ ಟೇಪಿಗೆ ಗೊತ್ತು
ನಾನು ಕಡಿಮೆಯಾಗಿಲ್ಲ ಎಂದು.
ಒಂದು ಕಡೆ ತಗ್ಗಿದೆ, ನಿಜ.
ಅಲ್ಲಿ ಸಾವು ಕೂತಿತ್ತು
ಎಬ್ಬಿಸಿ ಕಳಿಸಿದೆ.

"ಪರವಾಗಿಲ್ಲ," ಎಂದಳು ಅಕ್ಕ, ಸೀಮೆಸುಣ್ಣ ಹುಡುಕುವ ನೆಪದಲ್ಲಿ ಮುಖ ತಿರುಗಿಸಿ. ನರ್ಸು ಮುಂದುವರಿಸಿದಳು.

ಅಕ್ಕ ಪ್ರೀತಿಯಿಂದ
ಅಲ್ಲಿ ಹತ್ತಿ ತುಂಬಿದ್ದಾಳೆ.
ಅಕ್ಕಾ, ಗೆದ್ದ ಜಾಗವನ್ನು
ಯಾರಾದರೂ ಬಚ್ಚಿಡುತ್ತಾರೆಯೇ?

"ಬರೆದೋರು ಯಾರೋ, ಹೆಸರಿಲ್ಲ. 'ಗುಂಡಿ ಹೊಲಿಯುವವಳು' ಅಂತ ಮಾತ್ರ ಇದೆ," ಎಂದು ಹೇಳುತ್ತಲೇ ನರ್ಸು ಪರದೆಯ ಕಡೆ ತಿರುಗಿ ನೋಡಿದಳು.

ಪರದೆ ಸರಿಸಿ ತಂಗಿ ಬಂದಳು. ಅಕ್ಕನ ಮುಖ ಕೆಂಪಾಗಿತ್ತು.

"ಊರಿಗೆಲ್ಲ ಹೇಳ್ದೆ, ನನಗೆ ಹೇಳ್ಲಿಲ್ಲ ನೀನು."

"ನಿನಗೆ ಹೇಳೋಕೆ ಬಂದ್ರೆ ನೀನು ಸೂಜಿ ತಗೊಂಡು ಕೂರ್ತಿದ್ದೆ. ಆಸ್ಪತ್ರೆಯಿಂದ ಬಂದ್ಮೇಲೆ ಮಲಗಿದ್ದಲ್ಲೇ ಆ ಹೆಂಗಸರು ಬರೆದದ್ದು ಓದ್ತಿದ್ದೆ ಅಕ್ಕ. ಯಾರೋ ಏನೋ, ಮುಖ ನೋಡಿಲ್ಲ. ನನ್ನ ಮನಸ್ಸಲ್ಲಿ ಇದ್ದದ್ದನ್ನೇ ಬರೆದಿದ್ರು. ಓದ್ತಾ ಓದ್ತಾ ನನಗೂ ಬಾಯಿ ಬಂತು."

"ಅಷ್ಟು ಧೈರ್ಯ ಇದ್ದೋಳು ತಪಾಸಣೆಗೆ ಯಾಕೆ ಹೋಗ್ಲಿಲ್ಲ?"

ತಂಗಿ ಹೇಳಿದಳು. "ಅಲ್ಲಿ ಅಂಗಿ ಬಿಚ್ಚಬೇಕಲ್ಲ. ಫೋನಲ್ಲಿ ನನ್ನ ಮೈ ಯಾರಿಗೂ ಕಾಣಲ್ಲ. ಇನ್ನು ಅಲ್ಲಿ, ನನ್ನ ಅಕ್ಕನಿಗೇ ನೋಡೋಕಾಗದೆ ಮುಚ್ಚಿದ್ದನ್ನ ಬೇರೆಯವರು ಹೇಗೆ ನೋಡ್ತಾರೆ ಅನ್ನಿಸ್ತು."

ಎಷ್ಟೋ ಮೈಗಳಿಗೆ ಅಳತೆ ಹಿಡಿದ ಕತ್ತರಿ ಅಕ್ಕ ಆಪರೇಷನ್ ಆದ ಮೇಲೆ ಸ್ವಂತ ತಂಗಿಯ ಮೈ ನೋಡಿರಲಿಲ್ಲ. ಹತ್ತಿಯನ್ನೂ ಅಂದಾಜಿನ ಮೇಲೆ ತುಂಬಿದ್ದಳು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅತ್ತಳು. ಆಮೇಲೆ ಅಂಗಡಿ ಬಾಗಿಲು ಮುಂದೆ ಮಾಡಿ ಟೇಪು ಕೈಗೆತ್ತಿಕೊಂಡಳು.

"ಬಾ ಇಲ್ಲಿ. ಹೊಸ ಅಳತೆ ತಗೋತೀನಿ. ನೋಡ್ಲಾ?"

"ನೋಡು," ಎಂದಳು ತಂಗಿ.

ಅಕ್ಕ ಕಣ್ಣು ಬಿಟ್ಟುಕೊಂಡೇ ಅಳೆದಳು. ಎಡಕ್ಕೊಂದು ಅಳತೆ, ಬಲಕ್ಕೊಂದು. ಎರಡಕ್ಕೂ ಒಪ್ಪುವಂಥ ಅಂಗಿ ಹೊಲಿದಳು. ಅದನ್ನೇ ತೊಟ್ಟು ತಂಗಿ ಅಕ್ಕನ ಜೊತೆ ತಪಾಸಣೆಗೆ ಹೊರಟಳು.

ಡಾಕ್ಟರು ನೋಡಿ, ಸದ್ಯ ಏನೂ ತೊಂದರೆ ಇಲ್ಲ, ಮುಂದೆ ಹೇಳಿದ ದಿನ ತಪ್ಪಿಸಬೇಡಿ ಎಂದರು. ಆಮೇಲೆ ಕತ್ತರಿ ಅಕ್ಕನ ಕಡೆ ತಿರುಗಿ, "ಒಡಹುಟ್ಟಿದವರಲ್ವಾ? ನೀವೂ ಒಮ್ಮೆ ತೋರಿಸ್ಕೊಳ್ಳಿ," ಎಂದರು. ಕತ್ತರಿ ಅಕ್ಕನ ನಾಲಿಗೆ ಮೊಂಡಾಯಿತು. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಎಂದಳು. ಬಾಗಿಲಿಗೆ ಬೀಗ ಹಾಕಿ ಬಂದವಳು ಅವಳೇ. ತಂಗಿ ನಕ್ಕು ಅವಳ ಕೈ ಹಿಡಿದು ತಪಾಸಣೆ ಕೋಣೆಯೊಳಗೆ ಕರೆದುಕೊಂಡು ಹೋದಳು.

ಆ ಸಂಜೆ ತಂಗಿಯ ಕವಿತೆಯ ಕೆಳಗೆ, ಹೊಗಳಿಕೆಗಳ ಸಾಲಿನ ಕೊನೆಗೆ, ಹೊಸದೊಂದು ಮಾತು ಕಾಣಿಸಿತು: "ಹೊಲಿಗೆ ಬಿಚ್ಚಿದ್ದೇನೆ. ಇನ್ನು ಮೇಲೆ ಕೇಳಿ ಹೊಲಿಯುತ್ತೇನೆ. ಇತಿ ನಿನ್ನ ಅಕ್ಕ."

ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಅವರ ಮನೆಯವರೇ, ಹತ್ತಿಯದೇನೂ ತಪ್ಪಿಲ್ಲ. ಬೇಕು ಅನ್ನುವವರು ಧಾರಾಳವಾಗಿ ಇಟ್ಟುಕೊಳ್ಳಲಿ, ಆದರೆ ಅವರನ್ನು ಕೇಳದೆ ನೀವು ತುಂಬಬೇಡಿ. ನಿಮ್ಮ ಮನೆಯ ಹೆಣ್ಣು ಫೋನಿನಲ್ಲಿ ನಾಲ್ಕು ಸಾಲು ಬರೆದರೆ ನಗಬೇಡಿ, ಕೂತು ಓದಿ. ಬಾಯಲ್ಲಿ ಹೇಳಲಾಗದ ನೋವು ಅಲ್ಲಿರಬಹುದು. ಅವಳು ಒಪ್ಪಿದರೆ ಮಾತ್ರ ಬೇರೆಯವರಿಗೆ ಕಳಿಸಿ. ನಿಮ್ಮ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ಏನಾದರೂ ಬದಲಾದಂತೆ ಕಂಡರೆ, ಕವಿತೆ ಆಮೇಲೆ ಬರೆಯಿರಿ, ಮೊದಲು ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಅಕ್ಕನನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಳ್ಳಿ. ಬಂದವಳನ್ನು ಹೊರಗೆ ಕಾಯಿಸಬೇಡಿ, ಅವಳನ್ನೂ ತೋರಿಸಿಕೊಂಡೇ ಬನ್ನಿ.