ತಂತಿಯ ಆ ತುದಿಯಲ್ಲಿ

ಚಳಿಗಾಲದ ಬೆಳಗು, ಇಬ್ಬನಿ ಇನ್ನೂ ಆರಿರಲಿಲ್ಲ. ಪಂಪು, ರೇಡಿಯೊ ರಿಪೇರಿ ಮಾಡುವ ನಾದಿನಿ ಆಗಲೇ ಕೊಟ್ಟಿಗೆಯ ನೆಲದ ಮೇಲೆ ಕೂತು, ದಪ್ಪ ತಂತಿಯ ತುದಿ ಸುಲಿದು ತಾಮ್ರದ ಉಂಗುರ ಒತ್ತುತ್ತಿದ್ದಳು. ಎದುರಿಗೆ ಅತ್ತಿಗೆಯ ಕಾವಿನ ಪೆಟ್ಟಿಗೆ. ಒಳಗೆ ಇನ್ನೂರು ಕೋಳಿಮೊಟ್ಟೆ, ಹದಿನೆಂಟನೇ ದಿನ. ಅದಕ್ಕೆ ಕರೆಂಟು ಕೊಡುವ ಭಾಗ ನಸುಕಿನಲ್ಲೇ ಸುಟ್ಟಿತ್ತು. ಹೊಸದು ಬರುವವರೆಗೆ ನಾದಿನಿಯ ರಿಪೇರಿ ಮೇಜಿನ ಪವರ್ ಸಪ್ಲೈ ಯಂತ್ರವೇ ಗತಿ.

"ಎರಡು ತಂತಿ ಸಿಕ್ಸೋಕೆ ಇಷ್ಟೊತ್ತಾ ತಾಯಿ?" ಅತ್ತಿಗೆ ಪೆಟ್ಟಿಗೆಗೆ ಕಂಬಳಿ ಹೊದಿಸಿದಳು.

"ಹೋದ ಸಲ ಅವಸರದಲ್ಲೇ ಕೆಟ್ಟಿದ್ದು ಅತ್ತಿಗೆ."

"ಅವಸರ ನಿಂದು, ನಷ್ಟ ನಂದು. ಒಂದು ಪೆಟ್ಟಿಗೆ ಮರಿ ನನಗೆ ಬಾಕಿ ಇದೀಯ, ಮರೀಬೇಡ."

ಮರೆಯುವುದೆಲ್ಲಿ? ಹೋದ ಸಲ ತಂತಿ ಸಿಕ್ಕಿಸುವಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದಳು. ಒಂದು ಮೊಟ್ಟೆಯೂ ಒಡೆದು ಮರಿ ಬಂದಿರಲಿಲ್ಲ.

ಯಂತ್ರವನ್ನು ಪೆಟ್ಟಿಗೆಗೆ ಬೇಕಾದ ಇಪ್ಪತ್ನಾಲ್ಕು ವೋಲ್ಟಿಗೆ ನಿಲ್ಲಿಸಿದಳು. ಎರಡೂ ತಂತಿಗಳ ಬಿಡಿ ತುದಿ ಒಂದಕ್ಕೊಂದು ಕೂಡಿಸಿ, ಆರು ಆಂಪಿಯರಿಗಿಂತ ಹೆಚ್ಚು ಹರಿಯದಂತೆ ಮಿತಿ ಕಟ್ಟಿ, ಬಿಡಿಸಿದಳು.

"ಮುಗೀತಲ್ಲ, ಹಚ್ಚು!"

"ಒಂದೇ ನಿಮಿಷ." ಪೆಟ್ಟಿಗೆ ಮುಟ್ಟಬೇಕಾದ ತುದಿಗೆ ಮೀಟರ್ ಹಿಡಿದಳು. ಇಪ್ಪತ್ತೊಂಬತ್ತು! ಯಂತ್ರದ ಮುಖದಲ್ಲಿ ಮಾತ್ರ ಇಪ್ಪತ್ನಾಲ್ಕೇ.

ಅದರ ಬೆನ್ನು ತಿರುಗಿಸಿ ನೋಡಿದಳು. ಹೊರಗೆ ಹೋಗುವ ವೋಲ್ಟನ್ನು ಯಂತ್ರಕ್ಕೆ ತಿಳಿಸುವ ಎರಡು ಪುಟ್ಟ ತಗಡಿನ ಕೊಂಡಿಗಳಿಲ್ಲ. ನಿನ್ನೆ ಬೇರೊಂದು ಕೆಲಸದಲ್ಲಿ, ತಂತಿಯ ದೂರದ ತುದಿಯ ವೋಲ್ಟು ಯಂತ್ರಕ್ಕೆ ತಿಳಿಯಲೆಂದು ಅವನ್ನು ಕಳಚಿ ಸಣ್ಣ ತಂತಿ ಹಾಕಿದ್ದಳು. ಸಂಜೆ ತಂತಿ ತೆಗೆದಳು, ಕೊಂಡಿ ಹಾಕಲಿಲ್ಲ. ತಾನು ಎಷ್ಟು ಕೊಡುತ್ತಿದ್ದೇನೆಂದು ತಿಳಿಯದೆ ಯಂತ್ರ ಕುರುಡಾಗಿ ಏರಿಸುತ್ತಿತ್ತು.

ಸದ್ದಿಲ್ಲದೆ ಹಾಕಿಬಿಡಬಹುದಿತ್ತು.

"ಅತ್ತಿಗೆ, ಹಾಗೇ ಹಚ್ಚಿದ್ರೆ ಪೆಟ್ಟಿಗೆ ಫ್ಯಾನು ಸುಟ್ಟುಹೋಗ್ತಿತ್ತು. ಕೊಂಡಿ ಹಾಕೋದು ನಾನೇ ಮರೆತಿದ್ದೆ."

ಅತ್ತಿಗೆ ಅವಳನ್ನೇ ದಿಟ್ಟಿಸಿದಳು. "ಹೇಳ್ದೇ ಇದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ತೆ? ಬಾಯಿ ತುರಿಸ್ತಿತ್ತಾ?"

"ಮರಿ ಬರೋವರೆಗೆ ಮೂರು ದಿನ ಇದರ ಪಕ್ಕ ಕಾಯೋರು ನೀವು. ಎಲ್ಲಿ ಕೈಕೊಡುತ್ತೆ ಅಂತ ನಿಮಗೂ ಗೊತ್ತಿರ್ಬೇಕು."

ಯಂತ್ರ ಆರಿಸಿ, ಕೊಂಡಿ ಬಿಗಿದು ಹಚ್ಚಿದಳು. ಮೀಟರ್ ಇಪ್ಪತ್ನಾಲ್ಕಕ್ಕೆ ಇಳಿಯಿತು. ಇನ್ನೊಮ್ಮೆ ಆರಿಸಿ, ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಎಂದು ಎರಡು ಸಲ ಬೆರಳಿಟ್ಟು ನೋಡಿ ತಿರುಪು ಬಿಗಿದು, ಮತ್ತೆ ಹಚ್ಚಿದಳು. ಫ್ಯಾನು ಗುಂಯ್ ಎಂದಿತು. ಕಾವು ನಿಧಾನ ಏರತೊಡಗಿತು. ತಂತಿ ಮುಟ್ಟಿದಳು, ತಣ್ಣಗಿತ್ತು.

"ಇವೆಲ್ಲ ಒಡೆದು ಬಂದ್ರೂ ಹೋದ ಸಲದ ಬಾಕಿ ಹಾಗೇ ಇರುತ್ತೆ," ಎಂದಳು ಅತ್ತಿಗೆ.

"ಇರ್ಲಿ."

"ಇರ್ಲಿಯಂತೆ! ಸಾಲಗಾತಿಯ ಗತ್ತು ನೋಡು." ಅತ್ತಿಗೆ ಸೆರಗು ಸಿಕ್ಕಿಸಿ ಪಕ್ಕದಲ್ಲೇ ಕೂತಳು. "ಆ ಮೀಟರ್ ಹೇಗೆ ಹಿಡಿಯೋದು, ತೋರ್ಸು."