ಮೂರನೆಯವಳ ಸಮಯ

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಕನ್ನಡಕದ ಅಂಗಡಿ ನಡೆಸುವವಳಾದ್ದರಿಂದ ಮೂಗಿನ ಮೇಲೆ ಯಾವುದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಕೋಪ ನಿಲ್ಲುವುದಿಲ್ಲ. ಜಾರಿ ನಾಲಿಗೆಗೆ ಬಂದುಬಿಡುತ್ತದೆ.

ಹೋದ ಭಾನುವಾರ ಹಾಗೇ ಆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಸೈಕಲ್ ಇದೆ. ಹಿಂದಿನ ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಕೂರಿಸಿದ್ದೇನೆ, ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ನಾನಿಲ್ಲಿ ತುಳಿದರೆ ಪರದೆಯ ಮೇಲೊಬ್ಬ ಹೆಂಗಸು ಸಮುದ್ರದ ಪಕ್ಕದ ರಸ್ತೆಯಲ್ಲಿ ಸೈಕಲ್ ಓಡಿಸುತ್ತಾಳೆ. ನಮ್ಮದು ಮೂವರ ತಂಡ: ನಾನು, ಲಿಫ್ಟ್ ರಿಪೇರಿ ಮಾಡುವ ನನ್ನ ಅಳಿಯ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ನನ್ನ ನಾದಿನಿ. ಮೂವರೂ ಮೂರು ಊರಿನಲ್ಲಿ ಅವರವರ ಜಾಗದಲ್ಲೇ ತುಳಿಯುತ್ತೇವೆ, ಮಾತು ಹೆಡ್‌ಫೋನಿನಲ್ಲಿ. ಯಾರ ಎದೆಬಡಿತ ಎಷ್ಟು, ಯಾರು ಎಷ್ಟು ವಾಟ್ ಶಕ್ತಿ ಹಾಕಿ ತುಳಿಯುತ್ತಿದ್ದಾರೆ ಎಂಬುದು ಎಲ್ಲರ ಪರದೆಯಲ್ಲೂ ಕಾಣುತ್ತದೆ.

ಈ ರೇಸಿನಲ್ಲಿ ಸಾಲಾಗಿ ಹೋಗಬೇಕು. ಮುಂದಿದ್ದವರು ಗಾಳಿ ಸೀಳುತ್ತಾರೆ, ಹಿಂದಿದ್ದವರಿಗೆ ಅವರ ಮರೆ. ಗಾಳಿ ಸುಳ್ಳೇ, ಆದರೆ ಮರೆಯಲ್ಲಿ ಕಾಲಿಗೆ ಸಿಗುವ ಆರಾಮ ನಿಜ. ಅರ್ಧ ನಿಮಿಷಕ್ಕೊಮ್ಮೆ ಮುಂದಿನವರು ಹಿಂದಕ್ಕೆ ಬರಬೇಕು. ಕೊನೆಗೆ ಗೆರೆ ದಾಟುವ ಮೂರನೆಯವರ ಸಮಯವೇ ತಂಡದ ಸಮಯ. ಒಬ್ಬರನ್ನು ಬಿಟ್ಟು ಓಡಿ ಯಾವ ಪ್ರಯೋಜನವೂ ಇಲ್ಲ.

ಹೋದ ವಾರ ಕೊನೆಯ ಏರಿನಲ್ಲಿ ನಾದಿನಿ ಹಿಂದುಳಿದಳು, ನಾವು ಕಾದೆವು. ಮೈಕ್ ಆಫ್ ಮಾಡಿದ್ದೇನೆ ಎಂದುಕೊಂಡು, ಟವೆಲ್ ಹಿಡಿದು ನಿಂತಿದ್ದ ಗಂಡನಿಗೆ, "ನಿಮ್ಮ ತಂಗೀನ ಕರ್ಕೊಂಡು ಹೋಗೋದು ಅಂದ್ರೆ ಕಾಲಿಗೆ ಕಲ್ಲು ಕಟ್ಕೊಂಡು ಓಡಿದ ಹಾಗೆ" ಎಂದೆ. ಮೈಕ್ ಆಫ್ ಆಗಿರಲಿಲ್ಲ. ಆ ಕಡೆಯ ಏದುಸಿರು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶನಿವಾರ ಅವಳ ಮೆಸೇಜು ಬಂತು: "ನಾಳೆಯದೇ ನನ್ನ ಕೊನೇ ರೇಸ್. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನವಳ ದನಿ ಕೇಳುತ್ತಿದ್ದೆ. ಅದಕ್ಕೂ ಮೊದಲು ನಮ್ಮ ನಡುವೆ ಇದ್ದದ್ದು ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಅಷ್ಟೇ. ಫೋನ್ ಎತ್ತಿಕೊಂಡೆ, ಇಟ್ಟೆ. ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ. ಮದುವೆಯಾಗಿ ಮೂವತ್ತು ವರ್ಷ, ಗಂಡನೂ ಅದನ್ನು ಕೇಳಿಲ್ಲ.

ಮರುದಿನ ರೇಸ್ ಶುರುವಾಗುತ್ತಲೇ ಅವಳು ಮುಂದಕ್ಕೆ ಹೋದಳು. ಅರ್ಧ ನಿಮಿಷವಾಯಿತು, ಒಂದಾಯಿತು, ಎರಡಾಯಿತು. ಹಿಂದೆ ಬರಲೇ ಇಲ್ಲ.

"ಚಿಕ್ಕತ್ತೆ, ಸಾಕು, ಹಿಂದೆ ಬನ್ನಿ," ಎಂದ ಅಳಿಯ.

ಅವಳು ಜಾಗ ಬಿಡಲಿಲ್ಲ. ಅವಳ ಎದೆಬಡಿತ ನೂರಾ ಎಪ್ಪತ್ತು ದಾಟಿತ್ತು. ದಾರಿ ಇನ್ನೂ ಹದಿನೆಂಟು ಕಿಲೋಮೀಟರ್, ಅದರಲ್ಲಿ ಕೊನೆಯ ಎರಡು ಕಿಲೋಮೀಟರ್ ಏರುದಾರಿ. ಹೀಗೇ ತುಳಿದರೆ ಏರಿನ ಬುಡದಲ್ಲೇ ಕಾಲು ಸೋಲುತ್ತದೆ, ಕಲ್ಲು ಎಂದ ನನ್ನ ಮಾತನ್ನು ಅವಳ ಕಾಲೇ ನಿಜ ಮಾಡುತ್ತದೆ. ಆಮೇಲೆ ಅವಳು ಮತ್ತೆ ಸೈಕಲ್ ಹತ್ತುವುದಿಲ್ಲ. ನಿಧಾನ ಮಾಡು ಎಂದು ನಾನು ಹೇಳಿದರೆ ಇನ್ನೂ ಜೋರಾಗಿ ತುಳಿಯುತ್ತಾಳೆ. ಹಟದಲ್ಲಿ ಅವಳೇನು ನನಗೆ ಕಡಿಮೆಯಲ್ಲ.

ನಾನು ತುಳಿಯುವುದನ್ನು ಕಡಿಮೆ ಮಾಡಿದೆ. ಪರದೆಯ ಹೆಂಗಸು ಸಾಲಿನಿಂದ ಕಳಚಿ ಐದು ಮೀಟರ್, ಹತ್ತು ಮೀಟರ್ ಹಿಂದೆ ಬಿದ್ದಳು. ಈಗ ಮೂರನೆಯವಳು ನಾನು.

"ನನ್ನ ಕೈಲಿ ಆಗ್ತಿಲ್ಲ ಕಣೇ," ಎಂದೆ. "ಸ್ವಲ್ಪ ನಿಧಾನ ಹೋಗು."

ಗಂಡ ಗಾಬರಿಯಿಂದ ನನ್ನ ಮುಖ ನೋಡಿದ. ಕಣ್ಣಿನಲ್ಲೇ ಸುಮ್ಮನಿರಿ ಎಂದೆ.

ಪರದೆಯಲ್ಲಿ ನಾದಿನಿಯ ವಾಟ್ ಇಳಿಯಿತು. ನಾನು ಹೋಗಿ ಸಾಲು ಸೇರಿದೆ. ಅಳಿಯ ಮುಂದೆ ಬಂದ, ನಾದಿನಿ ಅವನ ಮರೆಗೆ ಸರಿದಳು. ಅಲ್ಲಿಂದ ಅರ್ಧರ್ಧ ನಿಮಿಷದ ಲೆಕ್ಕ ತಪ್ಪಲಿಲ್ಲ.

ಏರು ಬಂದಾಗ ಮುಂದೆ ನಾನಿದ್ದೆ. ಈ ಸಲ ಪರದೆಯ ಅಂಕಿ ನೋಡಲಿಲ್ಲ, ಕಿವಿಯಲ್ಲಿ ಕೇಳುತ್ತಿದ್ದ ಅವಳ ಉಸಿರಿಗೆ ತುಳಿದೆ. ಉಸಿರು ಬಿಗಿಯಾದರೆ ಸಡಿಲಿಸಿದೆ, ಸಲೀಸಾದರೆ ಒಂದಿಷ್ಟು ಏರಿಸಿದೆ. ಮೂವರೂ ಹೆಚ್ಚುಕಡಿಮೆ ಒಟ್ಟಿಗೇ ಗೆರೆ ದಾಟಿದೆವು. ಹೋದ ವಾರಕ್ಕಿಂತ ನಲವತ್ತು ಸೆಕೆಂಡು ಬೇಗ.

ಉಸಿರು ಹದಕ್ಕೆ ಬಂದ ಮೇಲೆ ನಾದಿನಿ ಆ ದಿನದ ಮೊದಲ ಮಾತಾಡಿದಳು. "ಅತ್ತಿಗೆ, ಆಗಲ್ಲ ಅಂದಾಗ ನಿಮ್ಮ ಎದೆಬಡಿತ ಬರೀ ನೂರಾ ಇಪ್ಪತ್ತೆಂಟಿತ್ತು."

ನಾನು ಸಿಕ್ಕಿಬಿದ್ದಿದ್ದೆ. ಸುಳ್ಳು ಹೇಳುವ ಆತುರದಲ್ಲಿ ಪರದೆಯನ್ನೇ ಮರೆತಿದ್ದೆ.

"ಸುಳ್ಳು ಅಂತ ಗೊತ್ತಿದ್ದೂ ಯಾಕೆ ನಿಧಾನ ಮಾಡಿದೆ?"

"ಮೂವತ್ತು ವರ್ಷದಲ್ಲಿ ನಿಮ್ಮ ಬಾಯಿಂದ ಆಗಲ್ಲ ಅನ್ನೋ ಮಾತು ಕೇಳಿದ್ದು ಇವತ್ತೇ. ಪಾಪ, ಎಷ್ಟು ಕಷ್ಟ ಪಟ್ಟು ಹೇಳಿದ್ರೋ ಅನ್ನಿಸ್ತು."

ನಾನು ಪೆಡಲಿನಿಂದ ಕಾಲು ತೆಗೆದೆ. "ಹೋದ ವಾರ ಹಾಗೆ ಅನ್ನಬಾರದಿತ್ತು. ತಪ್ಪಾಯ್ತು ಕಣೇ."

ಗಂಡ ಕೊಡಬೇಕಾಗಿದ್ದ ಟವೆಲ್ಲನ್ನು ಕೊಡದೆ ಹಾಗೇ ನಿಂತುಬಿಟ್ಟ.

"ಅತ್ತಿಗೆ, ಮೈಕ್ ಆನ್ ಇದೆ."

"ಗೊತ್ತು."

ಅಳಿಯ ಮೆಲ್ಲಗೆ ಕೆಮ್ಮಿದ. "ಚಿಕ್ಕತ್ತೆ, ಮುಂದಿನ ವಾರಕ್ಕೆ ಬೇರೆಯವರನ್ನ ಹುಡುಕ್ಬೇಕಾ?"

"ಹುಡುಕಿದ್ರೂ ಈ ಬಾಯಿಗೆ ಹೆದರದೆ ಯಾರು ಬರ್ತಾರಪ್ಪ?" ಎಂದಳು ನಾದಿನಿ. "ನಾನೇ ಬರ್ಬೇಕು."